ಮೆಚ್ಚಿದ ಮೇಲೂ ಮತ್ತೆ ನೋಡಲಾಗದ ಚಿತ್ರಗಳು

ಬನಶಂಕರಿ ಪ್ರೇಕ್ಷಕ

ಕನ್ನಡದ ಶ್ರೇಷ್ಠ ಚಿತ್ರಗಳನ್ನು ಹೆಸರಿಸಿ ಎಂದರೆ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ವನ್ನು ತಡವರಿಸದೆ ಹೇಳುವವರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಎರಡನೆಯ ಸಲ ಅದನ್ನು ಯಾವಾಗ ನೋಡಿದಿರಿ ಎಂದು ಅವರನ್ನೇ ಕೇಳಿದರೆ ಮಾತು ಬೇರೆ ಕಡೆಗೆ ಹೊರಳುತ್ತದೆ. 1977ರ ಈ ಚಿತ್ರ ಸ್ವರ್ಣಕಮಲ ಪಡೆಯಿತು. ಅದರ ಪುನರುಜ್ಜೀವನಗೊಂಡ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆ ಕಂಡಿತು. ಆ ಸುದ್ದಿ ಓದಿ ಹೆಮ್ಮೆಪಟ್ಟವರಲ್ಲಿ ನಾನೂ ಒಬ್ಬ. ಹೊಸ ಪ್ರತಿ ಬೆಂಗಳೂರಿಗೆ ಬಂದರೆ ಟಿಕೆಟ್ ತೆಗೆದುಕೊಳ್ಳುತ್ತೀರಾ ಎಂದು ಯಾರಾದರೂ ಕೇಳಿದರೆ ಮಾತ್ರ ನನ್ನ ಬಳಿ ನೇರವಾದ ಉತ್ತರವಿಲ್ಲ.

ದುಃಖದ ಕಥೆಯಾದ್ದರಿಂದ ನೋಡಲಾಗುವುದಿಲ್ಲ ಎನ್ನುವುದು ಸುಲಭದ ವಿವರಣೆ, ಆದರೆ ಅದು ನಿಲ್ಲುವುದಿಲ್ಲ. 1971ರ ‘ಕಸ್ತೂರಿ ನಿವಾಸ’ಕ್ಕೆ ಬಣ್ಣ ತುಂಬಿ 2014ರಲ್ಲಿ ಮರುಬಿಡುಗಡೆ ಮಾಡಿದಾಗ ಚಿತ್ರಮಂದಿರಕ್ಕೆ ಹೋದವರಲ್ಲಿ ಕಥೆ ಗೊತ್ತಿಲ್ಲದವರು ಬಹುಶಃ ಯಾರೂ ಇರಲಿಲ್ಲ. ಮನೆಗೆ ಬಂದ ಅತಿಥಿಗೆ ಉಣಬಡಿಸಲು ಬೇರೇನೂ ಇಲ್ಲದೆ ತಾನು ಸಾಕಿದ ಪಾರಿವಾಳವನ್ನೇ ಕೊಲ್ಲಿಸಿದ ಮೇಲೆ, ಅತಿಥಿ ಕೇಳಲು ಬಂದದ್ದು ಅದೇ ಪಾರಿವಾಳವನ್ನು ಎಂದು ರವಿವರ್ಮನಿಗೆ ತಿಳಿಯುವ ಆ ಗಳಿಗೆಗಿಂತ ದಾರುಣವಾದದ್ದನ್ನು ಕನ್ನಡದ ಜನಪ್ರಿಯ ಚಿತ್ರರಂಗ ಹೆಚ್ಚಾಗಿ ತೋರಿಸಿಲ್ಲ. ಆದರೂ ಜನ ಸಂಸಾರ ಸಮೇತ ಹೋದರು, ಅತ್ತರು, ಹೊರಗೆ ಬಂದು ಕಾಫಿ ಕುಡಿದರು. ಕೊನೆ ತಿಳಿದಿದ್ದೂ ಅಳುವುದಕ್ಕೆಂದೇ ಹೋಗುವ ಚಿತ್ರಗಳು ಒಂದು ಬಗೆ, ಕೊನೆ ತಿಳಿದಿರುವುದರಿಂದಲೇ ಹೋಗಲಾಗದ ಚಿತ್ರಗಳು ಇನ್ನೊಂದು ಬಗೆ.

ವ್ಯತ್ಯಾಸ ಎಲ್ಲಿದೆ? ಚಿತ್ರ ನಮ್ಮನ್ನು ಎಲ್ಲಿ ಕೂರಿಸುತ್ತದೆ ಎನ್ನುವುದರಲ್ಲಿ ಎಂದು ನನಗೆ ತೋರುತ್ತದೆ. ರವಿವರ್ಮನ ದುಃಖವನ್ನು ನಾವು ಅವನ ಪಕ್ಕದಲ್ಲಿ ನಿಂತು, ಅವನ ದೊಡ್ಡತನಕ್ಕೆ ತಲೆಬಾಗಿ ನೋಡುತ್ತೇವೆ. ‘ಘಟಶ್ರಾದ್ಧ’ದಲ್ಲಿ ನಮಗೆ ದೊರೆಯುವುದು ಪಾಠಶಾಲೆಗೆ ಹೊಸದಾಗಿ ಬಂದ ನಾಣಿಯ ಕಣ್ಣು. ಪಾಠಶಾಲೆ ನಡೆಸುವ ಉಡುಪರ ವಿಧವೆ ಮಗಳು ಯಮುನಕ್ಕ ಸಾಯುವ ನಿರ್ಧಾರದಿಂದ ಹುತ್ತದೊಳಗೆ ಕೈ ಇಟ್ಟು ಕುಳಿತಾಗ ಅವಳ ಬಳಿ ಇರುವವನು ಆ ಹುಡುಗ ಒಬ್ಬನೇ. ಏನು ನಡೆಯುತ್ತಿದೆ ಎಂದು ಅವನಿಗೆ ಪೂರ್ತಿ ಅರ್ಥವಾಗುವುದಿಲ್ಲ, ಅರ್ಥವಾದಷ್ಟಕ್ಕೆ ಮಾಡಲು ಅವನ ಕೈಯಲ್ಲಿ ಏನೂ ಇಲ್ಲ. ಕೊನೆಯಲ್ಲಿ ತಲೆ ಬೋಳಿಸಿಕೊಂಡು ಮರದಡಿ ಕುಳಿತ ಅವಳನ್ನು ಬಿಟ್ಟು ತಂದೆಯ ಜೊತೆ ಅವನು ಊರಿಗೆ ಹೋಗಬೇಕು. ಬದುಕಿರುವ ಮಗಳಿಗೆ ಶ್ರಾದ್ಧ ಮಾಡಿದ ಉಡುಪರು ಹದಿನಾರರ ಹುಡುಗಿಯನ್ನು ಮದುವೆಯಾಗುವ ಸುದ್ದಿಯನ್ನೂ ಆ ದಾರಿಯಲ್ಲೇ ಕೇಳಬೇಕು. ಮೊದಲ ಸಲ ನೋಡುವಾಗ ನಾವು ನಾಣಿಯಷ್ಟೇ ಅಜ್ಞಾನಿಗಳು. ಎರಡನೆಯ ಸಲ ನೋಡಲು ಕುಳಿತರೆ ಎಲ್ಲವನ್ನೂ ತಿಳಿದ ದೊಡ್ಡವರಾಗಿ ಕುಳಿತಿರುತ್ತೇವೆ, ಆದರೂ ಆ ಹುಡುಗನಿಗಿಂತ ಹೆಚ್ಚಿನದೇನನ್ನೂ ಮಾಡಲಾರೆವು.

ನಿಮ್ಮ ಅನುಭವವೇನು? ಪಟ್ಟಿಗಿಂತ ಕಾರಣಗಳನ್ನು ಬರೆದರೆ ಒಳ್ಳೆಯದು.

ಮಲ್ಲೇಶ್ವರದ ಓದುಗಿ

ಪ್ರಶ್ನೆ ಸೊಗಸಾಗಿದೆ. ಆದರೆ ಇದು ಸಿನಿಮಾ ಹುಟ್ಟುವುದಕ್ಕೆ ಬಹಳ ಮುಂಚಿನ ಪ್ರಶ್ನೆ. ದುಃಖವನ್ನು ಮತ್ತೆ ಮತ್ತೆ ಕೇಳುವ ಅಭ್ಯಾಸ ನಮ್ಮವರಿಗೆ ಚೆನ್ನಾಗಿಯೇ ಇತ್ತು. ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ಗಮಕಿಗಳು ವಾಚನ ಮಾಡುವಾಗ, ಹಾವು ಕಚ್ಚಿ ಸತ್ತ ಲೋಹಿತಾಶ್ವನ ಮುಂದೆ ಚಂದ್ರಮತಿ ಪ್ರಲಾಪಿಸುವ ಭಾಗವನ್ನೇ ಇನ್ನೊಮ್ಮೆ ಓದಿ ಎಂದು ಕೇಳುವ ಶ್ರೋತೃಗಳನ್ನು ನಾನು ಕಂಡಿದ್ದೇನೆ. 1965ರ ‘ಸತ್ಯ ಹರಿಶ್ಚಂದ್ರ’ವೂ ಬಣ್ಣ ಹಚ್ಚಿಕೊಂಡು 2008ರಲ್ಲಿ ಮರುಬಿಡುಗಡೆಯಾಯಿತಲ್ಲವೇ? ಅಲ್ಲಿ ಕಳೆದುಕೊಂಡದ್ದೆಲ್ಲ ಕೊನೆಗೆ ಮರಳುತ್ತದೆ: ಮಗ ಏಳುತ್ತಾನೆ, ರಾಜ್ಯ ಬರುತ್ತದೆ, ದೇವರು ಪ್ರತ್ಯಕ್ಷನಾಗುತ್ತಾನೆ. ಕರುಣರಸಕ್ಕೆ ದಡವಿದೆ ಎಂಬ ಭರವಸೆ ಇರುವುದರಿಂದಲೇ ಕೇಳುವವರು ನಿರ್ಭಯವಾಗಿ ಇಳಿಯುತ್ತಾರೆ.

ಭವಭೂತಿಯ ‘ಉತ್ತರರಾಮಚರಿತ’ ಇಲ್ಲಿ ನೆನಪಾಗಲೇಬೇಕು, ಏಕೆಂದರೆ ಮರುವೀಕ್ಷಣೆಯ ಸಂಕಟವನ್ನೇ ಆ ಕವಿ ರಂಗದ ಮೇಲೆ ತಂದಿದ್ದಾನೆ. ಮೊದಲ ಅಂಕದಲ್ಲಿ ಲಕ್ಷ್ಮಣ ರಾಮಸೀತೆಯರಿಗೆ ಅವರ ವನವಾಸದ ಕಥೆಯನ್ನು ಬರೆದ ಚಿತ್ರಪಟಗಳನ್ನು ತೋರಿಸುತ್ತಾನೆ. ಎಲ್ಲ ಮುಗಿದು ಅರಮನೆಗೆ ಮರಳಿದ್ದಾರೆ, ಭಯಪಡಲು ಕಾರಣವಿಲ್ಲ. ಆದರೂ ಶೂರ್ಪನಖಿಯನ್ನು ಕಂಡು ಸೀತೆ ನಡುಗುತ್ತಾಳೆ, ಇದು ಬರಿಯ ಚಿತ್ರ ಎಂದು ರಾಮ ಸಮಾಧಾನ ಹೇಳುತ್ತಾನೆ. ಕೊನೆಯ ಅಂಕದಲ್ಲಿ ಸ್ಥಿತಿ ತಲೆಕೆಳಗಾಗಿದೆ. ಸೀತಾ ಪರಿತ್ಯಾಗದ ಕಥೆಯನ್ನೇ ನಾಟಕವಾಗಿ ಆಡುವಾಗ ರಾಮ ಪ್ರೇಕ್ಷಕನಾಗಿ ಕುಳಿತು ತಡೆಯಲಾರದೆ ಮೂರ್ಛೆ ಹೋಗುತ್ತಾನೆ, ಇದು ನಾಟಕ ಎಂದು ಲಕ್ಷ್ಮಣ ಅವನಿಗೆ ನೆನಪಿಸಬೇಕಾಗುತ್ತದೆ. ಬೇರೆಯವರಿಗೆ ಧೈರ್ಯ ಹೇಳಿದವನೇ ಈಗ ನೋಡಲಾರದೆ ಹೋದದ್ದು ಏಕೆಂದರೆ, ಈ ಸಲ ತೋರಿಸುತ್ತಿರುವುದು ರಾವಣ ಮಾಡಿದ್ದನ್ನಲ್ಲ, ತಾನು ಮಾಡಿದ್ದನ್ನು.

ಆದ್ದರಿಂದ ಬನಶಂಕರಿಯವರ ಮಾತಿಗೆ ನನ್ನದೊಂದು ಸೇರ್ಪಡೆ. ನಮಗೆ ಯಾವ ಹೊಣೆಯೂ ಇಲ್ಲದ ದುಃಖವನ್ನು ನಾವು ಎಷ್ಟು ಸಲವಾದರೂ ನೋಡಬಲ್ಲೆವು. ನಮ್ಮ ಮನೆಯ, ನಮ್ಮ ಜಾತಿಯ, ನಮ್ಮ ಕಚೇರಿಯ ಕೈವಾಡ ಇರುವ ದುಃಖವನ್ನು ಒಮ್ಮೆ ನೋಡಿ ಹೊಗಳಿ ದೂರವಿಡುತ್ತೇವೆ. ‘ಘಟಶ್ರಾದ್ಧ’ ಆಗಿನ ಪಾಠಶಾಲೆಯ ಕಥೆಯೆಂದು ನಾವು ಎಷ್ಟೇ ಹೇಳಿಕೊಂಡರೂ, ಗಂಡ ಸತ್ತವಳನ್ನು ಮದುವೆಯ ಮನೆಯಲ್ಲಿ ಹಿಂದಿನ ಸಾಲಿನಲ್ಲಿ ಕೂರಿಸುವುದನ್ನು ಕಂಡವರು ಇನ್ನೂ ಇದ್ದೇವೆ.

ಶರಪಂಜರ ಅಭಿಮಾನಿ

ಹಾಡುಗಳನ್ನು ನೀವಿಬ್ಬರೂ ಮರೆತಿರಿ. ಪುಟ್ಟಣ್ಣ ಕಣಗಾಲರ ‘ಶರಪಂಜರ’ದ ಅಂತ್ಯವನ್ನು, ಚಿಕಿತ್ಸೆ ಮುಗಿಸಿ ಮನೆಗೆ ಬಂದ ಕಾವೇರಿ ಮನೆಯವರ ನೋಟಗಳಿಂದಲೇ ಮತ್ತೆ ಅದೇ ಆಸ್ಪತ್ರೆಗೆ ಮರಳುವುದನ್ನು, ನಾನು ಇನ್ನೊಮ್ಮೆ ನೋಡಲಾರೆ. ಆದರೆ ಅದೇ ಚಿತ್ರದಲ್ಲಿರುವ ಬೇಂದ್ರೆಯವರ ‘ಉತ್ತರ ಧ್ರುವದಿಂ ದಕ್ಷಿಣ ಧ್ರುವಕೂ’ ನಮ್ಮ ಮನೆಯಲ್ಲಿ ವಾರಕ್ಕೊಮ್ಮೆಯಾದರೂ ಕೇಳಿಬರುತ್ತದೆ. ಕಲ್ಪನಾ ಆ ಹಾಡಿನಲ್ಲಿ ಎಷ್ಟು ಸುಖವಾಗಿದ್ದಾಳೆ! ಹಾಡು ಮುಗಿದ ಕೂಡಲೇ ನಿಲ್ಲಿಸಿಬಿಡುವುದು ನನ್ನ ಪದ್ಧತಿ. ಇದನ್ನು ಚಿತ್ರ ನೋಡಿದಂತೆ ಎಂದು ಲೆಕ್ಕ ಹಿಡಿಯುವುದಾದರೆ ನಾನು ‘ಶರಪಂಜರ’ವನ್ನು ಅತಿ ಹೆಚ್ಚು ಸಲ ನೋಡಿದವಳು.

ನಿವೃತ್ತ ವಿಷಯ ನಿರ್ವಾಹಕ

ಓದುಗಿಯವರು ಕಚೇರಿ ಎಂದು ಬರೆದದ್ದರಿಂದ ನಾನು ಬರೆಯುತ್ತಿದ್ದೇನೆ. ಇಲ್ಲದಿದ್ದರೆ ಓದಿಕೊಂಡು ಸುಮ್ಮನಿರುತ್ತಿದ್ದೆ. ನನ್ನ ನೌಕರಿಯ ಹೆಚ್ಚಿನ ಭಾಗ ಪಿಂಚಣಿ ಕಡತಗಳನ್ನು ಸಿದ್ಧಪಡಿಸುವುದರಲ್ಲಿ ಕಳೆಯಿತು. ಪೂರ್ಣಚಂದ್ರ ತೇಜಸ್ವಿಯವರ ಕಥೆಯನ್ನು ಆಧರಿಸಿ ಕಾಸರವಳ್ಳಿಯವರು ಮಾಡಿದ ‘ತಬರನ ಕಥೆ’ ನಾನು ನೋಡಿದ ಅತ್ಯುತ್ತಮ ಚಿತ್ರ. ಆ ಚಿತ್ರಕ್ಕೆ ಸ್ವರ್ಣಕಮಲವೂ ತಬರನಾಗಿ ನಟಿಸಿದ ಚಾರುಹಾಸನ್ ಅವರಿಗೆ ರಾಷ್ಟ್ರಪ್ರಶಸ್ತಿಯೂ ಬಂದವು. ದೂರದರ್ಶನದಲ್ಲಿ ಅದು ಬಂದಾಗಲೆಲ್ಲ ನಾನು ಹಿತ್ತಲಿಗೆ ಹೋಗಿ ಗಿಡಕ್ಕೆ ನೀರು ಹಾಕುತ್ತೇನೆ ಎಂದು ನಮ್ಮ ಮನೆಯವರು ಹಾಸ್ಯ ಮಾಡುತ್ತಾರೆ.

ಕಥೆ ಎಲ್ಲರಿಗೂ ಗೊತ್ತಿರುವುದೇ. ಬ್ರಿಟಿಷರ ಕಾಲದಿಂದ ಸರ್ಕಾರವನ್ನು ದೇವರಂತೆ ನಂಬಿ ದುಡಿದ ಕೆಳದರ್ಜೆಯ ನೌಕರ ತಬರಶೆಟ್ಟಿಗೆ ನಿವೃತ್ತಿಯ ನಂತರ ಪಿಂಚಣಿ ಬರುವುದಿಲ್ಲ. ಸಕ್ಕರೆ ಕಾಯಿಲೆಯಿಂದ ಹೆಂಡತಿಯ ಕಾಲು ಕೊಳೆಯುತ್ತಿರುತ್ತದೆ. ಹಣ ಕೈಗೆ ಬರುವ ಹೊತ್ತಿಗೆ ಅವಳಿರುವುದಿಲ್ಲ. ಸಾಮಾನ್ಯ ಪ್ರೇಕ್ಷಕರು ಇದನ್ನು ಲಂಚಕೋರರ ಮೇಲಿನ ಚಿತ್ರವೆಂದು ನೋಡಿ ಬೈದು ಎದ್ದು ಬರಬಹುದು. ನನ್ನಂಥವರಿಗೆ ಆ ದಾರಿ ಇಲ್ಲ. ಆ ಚಿತ್ರದ ಬಹುಪಾಲು ವಿಳಂಬ ನಿಯಮಬದ್ಧವಾಗಿದೆ ಎನ್ನುವುದು ನಮಗೆ ಕಾಣುತ್ತದೆ. ಸೇವಾ ಪುಸ್ತಕದಲ್ಲಿ ಒಂದು ನಮೂದಿಗೆ ಸಹಿ ಇಲ್ಲದಿದ್ದರೆ ಕಡತ ಮುಂದೆ ಹೋಗುವುದಿಲ್ಲ. ಸಹಿ ಹಾಕಬೇಕಾದ ಅಧಿಕಾರಿ ಬೇರೆ ಜಿಲ್ಲೆಗೆ ವರ್ಗವಾಗಿರುತ್ತಾರೆ. ನೌಕರನಿಂದ ಬಾಕಿ ಏನೂ ಇಲ್ಲ ಎಂಬ ಬೇಬಾಕಿ ಪ್ರಮಾಣಪತ್ರ ಕೊಡಬೇಕಾದ ಶಾಖೆ, ವಸೂಲಾಗದ ಮೊತ್ತವನ್ನು ಯಾರ ಹೆಸರಿಗೆ ತೋರಿಸಬೇಕೆಂದು ಮೇಲಿನವರಿಗೆ ಬರೆದು ಕೂತಿರುತ್ತದೆ. ಮಹಾಲೇಖಪಾಲರ ಕಚೇರಿಯಿಂದ ಆಕ್ಷೇಪಣೆ ಬಂದರೆ ಎಲ್ಲವೂ ಮೊದಲಿನಿಂದ. ಟಿಪ್ಪಣಿ ಹಾಳೆಯಲ್ಲಿ ಯಾರೂ ತಪ್ಪು ಬರೆದಿರುವುದಿಲ್ಲ, ಮೇಜಿನ ಆಚೆ ಕುಳಿತ ಮನುಷ್ಯನ ಮುಖ ಮಾತ್ರ ತಿಂಗಳಿಂದ ತಿಂಗಳಿಗೆ ಒಣಗುತ್ತಿರುತ್ತದೆ.

ನನ್ನ ಮೇಜಿನಿಂದ ಯಾರಿಗೋ ಅನ್ಯಾಯವಾಯಿತೆಂದು ಇದನ್ನು ಹೇಳುತ್ತಿಲ್ಲ. ನನ್ನ ಕೈಗೆ ಬಂದ ಕಡತಗಳನ್ನು ನಾನು ಮುಂದೂಡಿದ್ದಿಲ್ಲ. ಆದರೂ ಚಾರುಹಾಸನ್ ಬಾಗಿಲ ಬಳಿ ಕೊಡೆ ಹಿಡಿದು ನಿಲ್ಲುವಂತೆ ನಿಲ್ಲುವವರನ್ನು ದಿನವೂ ನೋಡಿದವನಿಗೆ ಅದು ನಟನೆಯಾಗಿ ಕಾಣುವುದಿಲ್ಲ. ಅವರು ಕೂಗಾಡುವ ದೃಶ್ಯಕ್ಕಿಂತ, ಸರ್ಕಾರ ಮೋಸ ಮಾಡುವುದಿಲ್ಲ ಎಂಬ ನಂಬಿಕೆಯಿಂದ ಕೈಮುಗಿಯುವ ಆರಂಭದ ದೃಶ್ಯಗಳು ನನಗೆ ಹೆಚ್ಚು ಕಷ್ಟ.

ಸಂಕಲನದ ಕೋಣೆ

ನಾನು ವೃತ್ತಿಯಿಂದ ಸಂಕಲನಕಾರ, ಆದ್ದರಿಂದ ಕಸುಬಿನ ಕಡೆಯಿಂದ ಒಂದೆರಡು ಮಾತು. ಇಸಾವೊ ತಕಾಹತ ಅವರ 1988ರ ಜಪಾನಿ ಅನಿಮೇಷನ್ ಚಿತ್ರ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ ಬಗ್ಗೆ ಇಲ್ಲಿ ಇನ್ನೂ ಯಾರೂ ಬರೆಯದಿರುವುದು ಆಶ್ಚರ್ಯ. ಒಂದೇ ಸಲ ನೋಡಬಹುದಾದ ಚಿತ್ರ ಎಂಬ ಮಾತು ಬಂದ ಕೂಡಲೇ ಜಗತ್ತಿನ ಯಾವ ಮೂಲೆಯಲ್ಲಾದರೂ ಮೊದಲು ಬರುವ ಹೆಸರು ಅದು. ಎರಡನೇ ಮಹಾಯುದ್ಧದ ಕೊನೆಯ ತಿಂಗಳುಗಳಲ್ಲಿ, ಬಾಂಬ್ ದಾಳಿಗೆ ತುತ್ತಾದ ಕೋಬೆ ನಗರದಲ್ಲಿ ತಾಯಿಯನ್ನು ಕಳೆದುಕೊಂಡ ಸೇಯ್ತ ಎಂಬ ಹುಡುಗ ತನ್ನ ಪುಟ್ಟ ತಂಗಿ ಸೆತ್ಸುಕೊಳನ್ನು ಹಸಿವಿನಿಂದ ಉಳಿಸಲು ಹೆಣಗುವ ಕಥೆ. ಮೂಲ ಕಥೆಯನ್ನು 1967ರಲ್ಲಿ ಬರೆದ ಅಕಿಯುಕಿ ನೊಸಾಕ ಯುದ್ಧಕಾಲದಲ್ಲಿ ತಮ್ಮ ಪುಟ್ಟ ತಂಗಿಯನ್ನು ಹಸಿವಿಗೆ ಕಳೆದುಕೊಂಡವರು, ಆಕೆಯ ಸಾವಿಗೆ ತಾನೂ ಹೊಣೆ ಎಂಬ ಭಾರವನ್ನು ಹೊತ್ತು ಬರೆದವರು. ಓದುಗಿ ಮೇಡಂ ಹೇಳಿದ ರಾಮನ ಮೂರ್ಛೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಗೊತ್ತಿಲ್ಲ.

ಈ ಚಿತ್ರದ ರಚನೆಯನ್ನು ಗಮನಿಸಿ. 1945ರ ಸೆಪ್ಟೆಂಬರ್ 21ರ ರಾತ್ರಿ ನಾನು ಸತ್ತೆ ಎಂದು ಸೇಯ್ತ ತಾನೇ ಹೇಳುವುದರೊಂದಿಗೆ ಚಿತ್ರ ಶುರುವಾಗುತ್ತದೆ. ರೈಲು ನಿಲ್ದಾಣದ ಕಂಬಕ್ಕೆ ಒರಗಿ ಅವನು ಸಾಯುತ್ತಾನೆ, ಅವನ ಬಳಿ ಸಿಕ್ಕಿದ ಮಿಠಾಯಿ ಡಬ್ಬಿಯನ್ನು ನಿಲ್ದಾಣದ ನೌಕರ ಕತ್ತಲಿಗೆ ಎಸೆಯುತ್ತಾನೆ. ಅಲ್ಲಿಂದ ಮುಂದೆ ನಾವು ನೋಡುವುದೆಲ್ಲ ಸತ್ತ ಹುಡುಗ ತನ್ನ ಕಥೆಯನ್ನು ತಾನೇ ಮತ್ತೆ ನೋಡುತ್ತಿರುವುದು. ಕೆಂಪು ಬೆಳಕಿನಲ್ಲಿ ಅವನು ನಡುನಡುವೆ ನಿಂತು ನೋಡುವುದನ್ನು ತಕಾಹತ ತೋರಿಸುತ್ತಾರೆ. ಅಂದರೆ ಮೊದಲ ಸಲ ನೋಡುವವನಿಗೂ ಇದು ಎರಡನೆಯ ವೀಕ್ಷಣೆಯೇ. ಏನಾಗುತ್ತದೋ ಎಂಬ ಕುತೂಹಲಕ್ಕೆ ಚಿತ್ರದಲ್ಲಿ ಜಾಗವೇ ಇಲ್ಲದಿರುವಾಗ ಉಳಿಯುವುದು ಸಣ್ಣ ಸಣ್ಣ ವಿವರಗಳು ಮಾತ್ರ: ಮಿಠಾಯಿ ಮುಗಿದ ಡಬ್ಬಿಗೆ ನೀರು ಹಾಕಿ ಕುಲುಕಿ, ಆ ಸಿಹಿನೀರನ್ನು ತಂಗಿಗೆ ಕುಡಿಸುವುದು, ಕೊನೆಕೊನೆಗೆ ಅವಳು ಗೋಲಿಯನ್ನು ಮಿಠಾಯಿ ಎಂದುಕೊಂಡು ಬಾಯಲ್ಲಿ ಇಟ್ಟುಕೊಳ್ಳುವುದು. ಇಂಥ ಕಡೆ ಸಂಗೀತ ತುಂಬಿದ್ದರೆ ನಾವು ಅತ್ತು ಹಗುರಾಗುತ್ತಿದ್ದೆವು. ತಕಾಹತ ಆ ಉಪಕಾರ ಮಾಡುವುದಿಲ್ಲ. ಈ ಚಿತ್ರವನ್ನು ಮೊದಲು ಬಿಡುಗಡೆ ಮಾಡಿದಾಗ ಜೊತೆಗೆ ‘ಮೈ ನೇಬರ್ ಟೊಟೊರೊ’ ಎಂಬ ಮುದ್ದಾದ ಮಕ್ಕಳ ಚಿತ್ರವನ್ನೂ ಒಂದೇ ಟಿಕೆಟ್‌ಗೆ ತೋರಿಸಿದ್ದರು. ಟೊಟೊರೊವನ್ನು ಮೊದಲು ನೋಡಿ ಇದನ್ನು ಆಮೇಲೆ ನೋಡಿದ ಮಕ್ಕಳ ಪಾಡನ್ನು ನೆನೆದರೆ ಇಂದಿಗೂ ಅಯ್ಯೋ ಎನಿಸುತ್ತದೆ.

ನಾಗರಾಜ ಮಂಜುಳೆಯವರ ಮರಾಠಿ ಚಿತ್ರ ‘ಸೈರಾಟ್’ನ ಕೊನೆಯಲ್ಲಿ ಇನ್ನೊಂದು ಬಗೆಯ ಕಸುಬಿದೆ. ಎರಡೂವರೆ ಗಂಟೆಗಿಂತ ಹೆಚ್ಚು ಕಾಲ ಹಾಡು, ಕುಣಿತ, ಓಟಗಳಿಂದ ಕಿವಿ ತುಂಬಿಸಿದ ಚಿತ್ರ, ಪುಟ್ಟ ಮಗು ಹೆತ್ತವರ ರಕ್ತದಲ್ಲಿ ಹೆಜ್ಜೆಯೂರಿ ಹೊರಗೆ ನಡೆಯುವಾಗ ಶಬ್ದವನ್ನೇ ಕಿತ್ತುಕೊಳ್ಳುತ್ತದೆ. ಅಂಥ ಕಡೆ ಒಂದು ಪಿಟೀಲನ್ನಾದರೂ ಹಾಕಿಬಿಡೋಣ ಎಂಬ ಒತ್ತಡ ಎಷ್ಟಿರುತ್ತದೆ ಎಂದು ಈ ಕೆಲಸ ಮಾಡುವವರಿಗೆ ಮಾತ್ರ ಗೊತ್ತು.

ನಾಯಿ ಸಾಕಿದವಳು

‘777 ಚಾರ್ಲಿ’ಯಲ್ಲಿ ಪಿಟೀಲು ಬೇಕಾದಷ್ಟಿದೆ, ಆದರೂ ನನಗೆ ಮತ್ತೆ ನೋಡಲಾಗಿಲ್ಲ. ಚಿತ್ರ ನೋಡಿದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ತಾವು ಕಳೆದುಕೊಂಡ ನಾಯಿಯನ್ನು ನೆನೆದು ಎಲ್ಲರೆದುರು ಕಣ್ಣೀರಿಟ್ಟದ್ದು 2022ರ ಜೂನ್‌ನಲ್ಲಿ ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಸಂಕಲನದವರ ಸಿದ್ಧಾಂತದ ಪ್ರಕಾರ ನಾವೆಲ್ಲ ಅತ್ತು ಹಗುರಾಗಿರಬೇಕಿತ್ತು.

ಸಂಕಲನದ ಕೋಣೆ

ಒಪ್ಪಿದೆ ಮೇಡಂ. ಆದರೆ ನಿಮ್ಮನ್ನು ತಡೆಯುತ್ತಿರುವುದು ಆ ಚಿತ್ರವೋ, ಮನೆಯಲ್ಲಿ ಖಾಲಿಯಾದ ಮೂಲೆಯೋ? ನಾಯಿ ಸಾಕದವರು ಅದನ್ನು ಮಕ್ಕಳ ಜೊತೆ ಹಲವು ಸಲ ನೋಡಿದ್ದಾರೆ. ‘ತಬರನ ಕಥೆ’ಯನ್ನು ಹಾಗೆ ನೋಡಿದವರು ಸಿಗುವುದು ಕಷ್ಟ.

ಕೋಲಾರದ ಹುಡುಗ

ಇಲ್ಲಿಯವರೆಗಿನ ಚರ್ಚೆಯನ್ನು ಗೌರವದಿಂದಲೇ ಓದಿದ್ದೇನೆ. ಆದರೂ ಒಂದು ತಕರಾರು ಇದೆ, ಅದನ್ನು ಮೆತ್ತಗೆ ಹೇಳಲು ನನಗೆ ಬರುವುದಿಲ್ಲ.

‘ಮತ್ತೆ ನೋಡಲಾರೆ’ ಎನ್ನುವುದು ಒಂದು ಸೌಕರ್ಯ. ಶಿವರಾಮ ಕಾರಂತರ ಕಾದಂಬರಿಯಿಂದ ಬಿ.ವಿ. ಕಾರಂತರು 1975ರಲ್ಲಿ ಮಾಡಿದ ‘ಚೋಮನ ದುಡಿ’ಯನ್ನು ನನಗೆ ಮೊದಲು ತೋರಿಸಿದ್ದು ಕಾಲೇಜಿನ ಚಿತ್ರಪ್ರದರ್ಶನದಲ್ಲಿ. ಚೋಮನ ಮಗ ನೀರಿನಲ್ಲಿ ಮುಳುಗುತ್ತಿರುವಾಗ ದಡದಲ್ಲಿ ಮೇಲುಜಾತಿಯವರಿದ್ದಾರೆ, ಈಜು ಬಲ್ಲವರೂ ಇದ್ದಾರೆ, ಮುಟ್ಟಬೇಕಾಗುತ್ತದೆಂದು ಯಾರೂ ಇಳಿಯುವುದಿಲ್ಲ. ಪ್ರದರ್ಶನ ಮುಗಿದ ಮೇಲೆ ಹಲವರು ಬಂದು ಎಂಥ ಚಿತ್ರ, ಇನ್ನೊಮ್ಮೆ ನೋಡುವ ಶಕ್ತಿ ನಮಗಿಲ್ಲ ಎಂದು ಹೇಳಿದರು. ನಮ್ಮ ಊರಿನಲ್ಲಿ ಬಾವಿಯ ಬಳಿ ನಿಂತು ಬೇರೆಯವರು ನೀರು ಸೇದಿ ಹಾಕುವವರೆಗೆ ಕಾಯುತ್ತಿದ್ದ ನನ್ನ ಅಜ್ಜಿಗೆ ಇನ್ನೊಮ್ಮೆ ನೋಡಲಾರೆ ಎನ್ನುವ ಆಯ್ಕೆ ಇರಲಿಲ್ಲ. ಅವರು ದಿನವೂ ನೋಡಿದರು. ಚಿತ್ರವನ್ನು ಮೆಚ್ಚಿ, ಕಣ್ಣು ಒರೆಸಿಕೊಂಡು, ಇನ್ನು ಸಾಕು ಎಂದು ಮುಚ್ಚಿಡುವ ಮರ್ಯಾದೆಯ ಹಿಂದೆ ದಡದಲ್ಲಿ ನಿಂತವರ ಮರ್ಯಾದೆಯೇ ಇದೆಯೇನೋ ಎಂದು ನನಗೆ ಅನುಮಾನ.

ನಾನು ಮತ್ತೆ ಮತ್ತೆ ನೋಡುವ ಚಿತ್ರ ಮಂಜುಳೆಯವರದೇ 2013ರ ‘ಫಂಡ್ರಿ’. ಊರಿನ ಹಂದಿ ಹಿಡಿಯಲು ದಲಿತ ಹುಡುಗ ಜಬ್ಯಾನ ಇಡೀ ಸಂಸಾರವನ್ನು ಇಳಿಸಿ, ಅವನ ಸಹಪಾಠಿಗಳೂ ಅವನು ಇಷ್ಟಪಟ್ಟ ಹುಡುಗಿಯೂ ಸೇರಿ ನಿಂತು ನಗುವ ಆ ದೀರ್ಘ ಭಾಗದಲ್ಲಿ, ಶಾಲೆಯಿಂದ ರಾಷ್ಟ್ರಗೀತೆ ಕೇಳಿದ ಕೂಡಲೇ ಅವರೆಲ್ಲ ಓಡುತ್ತಿದ್ದಲ್ಲೇ ನಿಂತುಬಿಡುತ್ತಾರೆ, ಹಂದಿ ಮಾತ್ರ ತನ್ನ ಪಾಡಿಗೆ ದಾಟಿ ಹೋಗುತ್ತದೆ. ಅದಕ್ಕೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. ಕೊನೆಗೆ ಹುಡುಗ ಎಸೆದ ಕಲ್ಲು ನೇರವಾಗಿ ಕ್ಯಾಮೆರಾ ಕಡೆಗೆ, ಅಂದರೆ ನಮ್ಮ ಮುಖಕ್ಕೇ ಬರುತ್ತದೆ. ಆ ಕಲ್ಲು ನನಗೆ ದುಃಖ ತರುವುದಿಲ್ಲ, ಬಲ ತರುತ್ತದೆ. ಅದು ಯಾರಿಗೆ ನೋವು ತರುತ್ತದೆ, ಅವರು ಅದನ್ನು ಒಂದೇ ಸಲ ನೋಡುತ್ತಾರೆ ಎಂದು ಕಾಣುತ್ತದೆ.

ಬನಶಂಕರಿ ಪ್ರೇಕ್ಷಕ

ನಿಮ್ಮ ತಕರಾರಿನ ಬಹುಭಾಗ ಈ ಚರ್ಚೆಗೆ ಬೇಕಾಗಿಯೇ ಇತ್ತು. ಚಿತ್ರ ನಮ್ಮನ್ನು ಎಲ್ಲಿ ಕೂರಿಸುತ್ತದೆ ಎಂದು ನಾನು ಕೇಳಿದ್ದೆ. ಚಿತ್ರಮಂದಿರಕ್ಕೆ ಬರುವ ಮೊದಲೇ ನಾವು ಎಲ್ಲೆಲ್ಲಿ ಕುಳಿತಿರುತ್ತೇವೆ ಎಂದು ನೀವು ಕೇಳುತ್ತಿದ್ದೀರಿ, ಅದು ನನ್ನ ಪ್ರಶ್ನೆಗಿಂತ ಗಟ್ಟಿಯಾದದ್ದು.

ಆದರೆ ಒಂದು ಅಂಶವನ್ನು ನಾನು ಬಿಟ್ಟುಕೊಡಲಾರೆ. ಮತ್ತೆ ನೋಡದಿರುವುದೆಲ್ಲ ಮುಚ್ಚಿಡುವುದಲ್ಲ. ವಾಸುದೇವರಾವ್ ಅವರ ಚೋಮ ಬಾಗಿಲು ಹಾಕಿಕೊಂಡು ದುಡಿ ಬಾರಿಸುವ ಸದ್ದು, ಅದನ್ನು ಒಂದೇ ಸಲ ಕೇಳಿದವನ ಕಿವಿಯಲ್ಲೂ ದಶಕಗಳ ಕಾಲ ಉಳಿಯಬಲ್ಲದು. ‘ಕಸ್ತೂರಿ ನಿವಾಸ’ವನ್ನು ಹತ್ತು ಸಲ ನೋಡಿದವರು ಪ್ರತಿಸಲವೂ ಅಳುವ ಜಾಗದಲ್ಲಿ ಅತ್ತು ಮರೆಯುತ್ತಾರೆ. ಒಮ್ಮೆ ಮಾತ್ರ ನೋಡಿದ ಚಿತ್ರ ಮುಗಿದೇ ಇರುವುದಿಲ್ಲ ಎನ್ನುವುದೂ ಸಾಧ್ಯವಿದೆ. ಹಾಗೆಂದು ಅದನ್ನು ನೋಡದಿರುವುದೇ ಪುಣ್ಯಕಾರ್ಯ ಎಂದು ನಾನು ಹೇಳುತ್ತಿಲ್ಲ.

ಎಲೆಮ್ ಕ್ಲಿಮೋವ್ ಅವರ 1985ರ ‘ಕಮ್ ಆಂಡ್ ಸೀ’ ಕೂಡ ಈ ದೃಷ್ಟಿಯಿಂದ ನೆನಪಾಗುತ್ತದೆ. ಬೆಲಾರೂಸಿನಲ್ಲಿ ನಾಜಿಗಳು ಜನರ ಸಮೇತ ಸುಟ್ಟ 628 ಹಳ್ಳಿಗಳ ಲೆಕ್ಕವನ್ನು ಕೊನೆಯಲ್ಲಿ ತೆರೆಯ ಮೇಲೆ ಕೊಡುವ ಆ ಚಿತ್ರದ ನಂತರ ಅದರ ನಿರ್ದೇಶಕರು 2003ರಲ್ಲಿ ತೀರಿಕೊಳ್ಳುವವರೆಗೆ ಇನ್ನೊಂದು ಚಿತ್ರವನ್ನೇ ಮಾಡಲಿಲ್ಲ.

ಕೋಲಾರದ ಹುಡುಗ

ಕಿವಿಯಲ್ಲಿ ಉಳಿಯುವುದು ಸರಿ ಸರ್. ಕೈಗೆ ಇಳಿಯುತ್ತದೆಯೇ ಎನ್ನುವುದು ನನ್ನ ಪ್ರಶ್ನೆಯಾಗಿತ್ತು. ಇರಲಿ, ಅದು ಸಿನಿಮಾದ ಮೇಲೆ ಹೊರಿಸಬೇಕಾದ ಭಾರವಲ್ಲ ಎಂದು ನೀವು ಹೇಳಿದರೆ ಒಪ್ಪುತ್ತೇನೆ.

ರಾತ್ರಿಪಾಳಿಯ ನರ್ಸ್

ಹೊಣೆ ಇರುವ ದುಃಖವನ್ನು ಮತ್ತೆ ನೋಡಲಾಗದು ಎಂಬ ಓದುಗಿಯವರ ಮಾತು ನನಗೆ ಮಾತ್ರ ಹೊಂದುವುದಿಲ್ಲ. ಮೈಕೆಲ್ ಹಾನೆಕೆಯವರ ‘ಅಮೋರ್’ 2012ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿ ಪಡೆದ ಚಿತ್ರ. ಪಾರ್ಶ್ವವಾಯು ಬಡಿದ ವೃದ್ಧ ಪತ್ನಿಯನ್ನು ಮನೆಯಲ್ಲೇ ನೋಡಿಕೊಳ್ಳುವ ಪತಿ ಕೊನೆಗೆ ಅವಳ ಮುಖದ ಮೇಲೆ ದಿಂಬು ಒತ್ತುತ್ತಾನೆ. ನನ್ನ ಗೆಳತಿಯರಾರೂ ಅದನ್ನು ಮತ್ತೆ ನೋಡಲಿಲ್ಲ. ನಾನು ನೋಡಿದ್ದೇನೆ, ಇನ್ನೂ ನೋಡುತ್ತೇನೆ. ಹಾಸಿಗೆ ಹಿಡಿದವರನ್ನು ಮಗ್ಗುಲು ಬದಲಿಸುವಾಗ ಬೆನ್ನ ಕೆಳಗೆ ಕೈ ಹೇಗೆ ಹೋಗಬೇಕು, ಒರಟು ಕೈಯವರು ತಲೆ ಬಾಚಿದರೆ ರೋಗಿಯ ಮುಖ ಹೇಗಾಗುತ್ತದೆ ಎನ್ನುವುದನ್ನು ಇಷ್ಟು ನಿಖರವಾಗಿ ತೋರಿಸಿದ ಚಿತ್ರವನ್ನು ನಾನು ಕಂಡಿಲ್ಲ. ಅದು ನನ್ನ ಕೆಲಸವನ್ನು ಗೌರವದಿಂದ ನೋಡಿದೆ ಎನಿಸಿ ಮನಸ್ಸಿಗೆ ಒಂದು ಬಗೆಯ ನೆಮ್ಮದಿಯೇ ಆಗುತ್ತದೆ.

ನಾನು ನೋಡಲಾರದ ಚಿತ್ರ, ನೀವೆಲ್ಲ ನಗಬಹುದು, ‘ಕರುಳಿನ ಕೂಗು’. 1993ರ ಮಲಯಾಳಂ ‘ಆಕಾಶದೂತು’ ಚಿತ್ರದ ಕನ್ನಡ ರೂಪ, ವಿನಯಾ ಪ್ರಸಾದ್ ತಾಯಿಯ ಪಾತ್ರದಲ್ಲಿದ್ದಾರೆ. ವಿಮರ್ಶಕರ ಪಟ್ಟಿಯಲ್ಲಿ ಅದಕ್ಕೆ ಎಲ್ಲೂ ಜಾಗವಿಲ್ಲ, ಅಳಿಸುವುದಕ್ಕೆಂದೇ ಕಟ್ಟಿದ ಕಥೆ ಎನ್ನುವುದೂ ನಿಜ. ಗಂಡನನ್ನು ಕಳೆದುಕೊಂಡ ತಾಯಿ, ತಾನೂ ಹೆಚ್ಚು ದಿನ ಉಳಿಯುವುದಿಲ್ಲವೆಂದು ತಿಳಿದು, ಮಕ್ಕಳಿಗೆ ಒಂದೊಂದಾಗಿ ಬೇರೆ ಬೇರೆ ಮನೆ ಹುಡುಕುತ್ತಾಳೆ. ವಾರ್ಡಿನಲ್ಲಿ ಸಾವಿನ ಸುದ್ದಿಗಿಂತ ಕಷ್ಟವಾದದ್ದು, ಹೊರಗಿನ ಬೆಂಚಿನ ಮೇಲೆ ಕುಳಿತ ಮಕ್ಕಳನ್ನು ಯಾರು ಕರೆದುಕೊಂಡು ಹೋಗುತ್ತಾರೆ ಎಂದು ನೆಂಟರು ಪಿಸುಮಾತಿನಲ್ಲಿ ತೀರ್ಮಾನಿಸುವ ಹೊತ್ತು. ಆ ಮಾತುಕತೆಯಲ್ಲಿ ನರ್ಸ್‌ಗೆ ಜಾಗವಿಲ್ಲ, ಹೊಣೆಯೂ ಇಲ್ಲ. ಆ ಚಿತ್ರದ ಹಾಡು ಎಲ್ಲಾದರೂ ಕೇಳಿದರೂ ಸಾಕು, ನಾನು ಎದ್ದು ಹೋಗುತ್ತೇನೆ.

ಮಲ್ಲೇಶ್ವರದ ಓದುಗಿ

ನಗುವ ಮಾತೇ ಇಲ್ಲ. ನನ್ನ ಸೇರ್ಪಡೆ ಎಲ್ಲಿಯವರೆಗೆ ಸಲ್ಲುತ್ತದೆ ಎನ್ನುವುದನ್ನು ನೀವು ಸರಿಯಾಗಿ ತೋರಿಸಿದಿರಿ. ಒಳ್ಳೆಯ ಚಿತ್ರವೇ ನಮ್ಮನ್ನು ತಡೆಯಬೇಕೆಂದಿಲ್ಲ, ಸಾಧಾರಣ ಚಿತ್ರವೂ ಸರಿಯಾದ ಗಾಯವನ್ನು ಮುಟ್ಟಿದರೆ ಸಾಕು. ಆದರೂ ಮೆಚ್ಚುಗೆ ಮತ್ತು ಹಿಂಜರಿಕೆ ಎರಡೂ ಒಟ್ಟಿಗೆ ಇರುವ ಚಿತ್ರಗಳ ಲೆಕ್ಕ ಬೇರೆಯೇ ಎಂದು ನನ್ನ ಹಟ.

ರಾಯಚೂರಿನವನು

ಬೆಂಗಳೂರಿನಲ್ಲಿ ಕುಳಿತು ಬರೆಯುತ್ತಿರುವವರು ಉತ್ಸವ್ ಗೋನವಾರ ಅವರ ‘ಫೋಟೋ’ ಚಿತ್ರವನ್ನು ಮರೆಯಬಾರದು. 2024ರಲ್ಲಿ ತೆರೆ ಕಂಡಿತು, ಹೆಚ್ಚು ದಿನ ಓಡಲಿಲ್ಲ. ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳಬೇಕೆಂಬ ಆಸೆಯಿಂದ ನಮ್ಮ ರಾಯಚೂರು ಕಡೆಯ ಹುಡುಗನೊಬ್ಬ, ಬೆಂಗಳೂರಿನಲ್ಲಿ ಕೂಲಿ ಮಾಡುವ ಅಪ್ಪನ ಬಳಿ ಬರುತ್ತಾನೆ. ಅಷ್ಟರಲ್ಲಿ 2020ರ ಮಾರ್ಚ್‌ನ ಲಾಕ್‌ಡೌನ್. ಬಸ್ಸಿಲ್ಲ, ಕೆಲಸವಿಲ್ಲ, ಅಪ್ಪ ಮಗ ಊರಿನ ಕಡೆ ನಡೆಯಲು ಶುರು ಮಾಡುತ್ತಾರೆ. ನೋಡದವರಿಗಾಗಿ ಮುಂದಿನದನ್ನು ಬರೆಯುವುದಿಲ್ಲ.

ನಾನು ಆಗ ಹೊರವರ್ತುಲ ರಸ್ತೆಯ ಬಳಿ ಒಂದು ಕಟ್ಟಡದ ಕೆಲಸ ನೋಡಿಕೊಳ್ಳುತ್ತಿದ್ದೆ. ತಗಡಿನ ಶೆಡ್ಡುಗಳಲ್ಲಿದ್ದವರು ಪಾತ್ರೆಗಳನ್ನು ಸಿಮೆಂಟ್ ಚೀಲದಲ್ಲಿ ತುಂಬಿ, ಚೀಲದ ಬಾಯಿಗೆ ಕಟ್ಟುವ ತಂತಿಯನ್ನೇ ಸುತ್ತಿ, ತಲೆಯ ಮೇಲೆ ಹೊತ್ತು ಹೊರಟಿದ್ದರು. ಚಿತ್ರದಲ್ಲಿ ಅದೇ ಬಗೆಯ ಗಂಟುಗಳನ್ನು ಕಂಡಾಗ ಕಥೆ ನನ್ನ ತಲೆಯಿಂದ ಜಾರಿಹೋಯಿತು, ತೆರೆಯ ಮೂಲೆಯಲ್ಲಿ ಪರಿಚಯದ ಮುಖಗಳನ್ನು ಹುಡುಕತೊಡಗಿದೆ. ಇಲ್ಲಿ ಎಲ್ಲರೂ ಐವತ್ತು ವರ್ಷದ ಹಿಂದಿನ ಚಿತ್ರಗಳ ಬಗ್ಗೆ ಬರೆಯುತ್ತಿದ್ದೀರಿ, ಅವುಗಳ ದುಃಖಕ್ಕೆ ಈಗಾಗಲೇ ಒಂದು ಗೌರವದ ಚೌಕಟ್ಟು ಬಂದಿದೆ. ಇದು ನಮ್ಮ ಕಣ್ಣೆದುರೇ ಇದೇ ಊರಿನಲ್ಲಿ ನಡೆದದ್ದು. ನೋಡಿದ ಬೆಂಗಳೂರಿಗರು ಬಹಳ ಕಡಿಮೆ. ಮತ್ತೆ ನೋಡುವ ಮಾತು ಆಮೇಲಿನದು.

ಕೋಲಾರದ ಹುಡುಗ

ಈ ಚಿತ್ರವನ್ನು ಒಟ್ಟಿಗೆ ನೋಡುವ ವ್ಯವಸ್ಥೆಯನ್ನು ಯಾರಾದರೂ ಮಾಡಿದರೆ ನಾನು ಬರುತ್ತೇನೆ.

ನಿವೃತ್ತ ವಿಷಯ ನಿರ್ವಾಹಕ

ನಾನೂ ಬರುತ್ತೇನೆ. ಇದೇ ಸಂದರ್ಭದಲ್ಲಿ ಒಂದು ಪ್ರಶ್ನೆ. ನನ್ನ ಮೊಮ್ಮಗಳು ಪ್ರಥಮ ದರ್ಜೆ ಸಹಾಯಕರ ಹುದ್ದೆಯ ಪರೀಕ್ಷೆಗೆ ಓದುತ್ತಿದ್ದಾಳೆ, ಈ ಚಿತ್ರಗಳಲ್ಲಿ ಒಂದನ್ನೂ ನೋಡಿಲ್ಲ. ನೌಕರಿಗೆ ಸೇರುವ ಮುನ್ನ ‘ತಬರನ ಕಥೆ’ಯನ್ನು ಅವಳಿಗೆ ತೋರಿಸಬೇಕೆಂದಿದೆ, ಆದರೆ ಅವಳು ನೋಡುವಾಗ ನಾನು ಪಕ್ಕದಲ್ಲಿ ಕೂರಬೇಕಾಗುತ್ತದೆ. ಮೊದಲು ಬೇರೆ ಯಾವುದನ್ನಾದರೂ ತೋರಿಸಿ ಅಭ್ಯಾಸ ಮಾಡಿಸಬೇಕೇ?

ಮಲ್ಲೇಶ್ವರದ ಓದುಗಿ

ಅಭ್ಯಾಸ ಬೇಡ ಸರ್, ಅದನ್ನೇ ನೇರವಾಗಿ ತೋರಿಸಿ. ‘ಘಟಶ್ರಾದ್ಧ’ವನ್ನು ಅವಳು ಸ್ವಲ್ಪ ದೊಡ್ಡವಳಾದ ಮೇಲೆ ತಾನಾಗಿ ಹುಡುಕಿಕೊಳ್ಳಲಿ. ಹಗಲು ಹೊತ್ತಿನಲ್ಲಿ ತೋರಿಸಿ, ರಾತ್ರಿ ಬೇಡ. ನಡುವೆ ಅವಳು ಪ್ರಶ್ನೆ ಕೇಳಿದರೆ ಚಿತ್ರವನ್ನು ನಿಲ್ಲಿಸಿ, ಬೇಬಾಕಿ ಪ್ರಮಾಣಪತ್ರ ಎಂದರೇನು, ಅದು ಯಾವ ಮೇಜಿನಿಂದ ಯಾವ ಮೇಜಿಗೆ ಹೋಗುತ್ತದೆ ಎಂದು ಬಿಡಿಸಿ ಹೇಳಿ. ಅಷ್ಟನ್ನು ಹೇಳಬಲ್ಲವರು ಈ ಚರ್ಚೆಯಲ್ಲಿ ನೀವೊಬ್ಬರೇ ಇರುವುದು. ಗಿಡಗಳಿಗೆ ಆ ದಿನ ಬೇರೆ ಯಾರಾದರೂ ನೀರು ಹಾಕಲಿ.